ಸೂಜಿಯ ಸಾಕ್ಷ್ಯ: ಚಾರಿತ್ರಿಕ ಉಡುಪುಗಳ ಹವ್ಯಾಸಿ ಮರುಹೊಲಿಗೆಯಿಂದ ವಸ್ತ್ರಚರಿತ್ರೆಗೆ ದಕ್ಕಿದ್ದು

ಚಾರಿತ್ರಿಕ ಉಡುಪುಗಳನ್ನು ಹವ್ಯಾಸಕ್ಕಾಗಿ ಹೊಲಿದು ತೊಡುವವರನ್ನು ವಿದ್ವತ್ ವಲಯ ಬಹುಕಾಲ ವೇಷಗಾರರೆಂದೇ ಬಗೆದಿತ್ತು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಈ ಹವ್ಯಾಸ ಸಂಘಗಳ ರೂಪ ಪಡೆದದ್ದು 1960ರ ದಶಕದಲ್ಲಿ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮನೆಯೊಂದರ ಹಿತ್ತಿಲಲ್ಲಿ ನಡೆದ ಮಧ್ಯಯುಗದ ವೇಷದ ಕೂಟ ಮುಂದೆ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ' ಎಂಬ ದೊಡ್ಡ ಸಂಸ್ಥೆಯಾಯಿತು. ಇಂಗ್ಲೆಂಡಿನ ಅಂತರ್ಯುದ್ಧವನ್ನು ಮೈದಾನದಲ್ಲಿ ಮರಳಿ ಆಡಿ ತೋರಿಸುವ 'ಸೀಲ್ಡ್ ನಾಟ್' 1968ರದು. ಬಾತ್ ನಗರದಲ್ಲಿ 2001ರಿಂದ ನಡೆಯುತ್ತಿರುವ ಜೇನ್ ಆಸ್ಟೆನ್ ಉತ್ಸವದ ಮೆರವಣಿಗೆಗೆ ನೂರಾರು ಜನ 19ನೆಯ ಶತಮಾನದ ಮೊದಲ ವರ್ಷಗಳ ಉಡುಪು ತೊಟ್ಟು ಬರುತ್ತಾರೆ. ಅವರಲ್ಲಿ ಅನೇಕರು ತಮ್ಮ ಉಡುಪನ್ನು ತಾವೇ ಹೊಲಿದುಕೊಂಡಿರುತ್ತಾರೆ. ಇವರ ಕೈಕೆಲಸದಿಂದ ವಸ್ತ್ರಚರಿತ್ರೆಗೆ ಆದ ಲಾಭವೇನು ಎಂಬುದು ಈ ಲೇಖನದ ವಿಷಯ. ಆ ಲಾಭ ಸಿದ್ಧವಾದ ಉಡುಪಿಗಿಂತ ಹೆಚ್ಚಾಗಿ ಶ್ರಮದ ಲೆಕ್ಕದಲ್ಲಿದೆ ಎಂಬುದು ನನ್ನ ವಾದ.

ಈ ಹವ್ಯಾಸಕ್ಕೆ ಶಿಸ್ತು ತಂದದ್ದು ಕೆಲವು ನಕ್ಷೆ ಪುಸ್ತಕಗಳು. ನೋರಾ ವಾ ಅವರ 'ಕಾರ್ಸೆಟ್ಸ್ ಅಂಡ್ ಕ್ರಿನೊಲೀನ್ಸ್' 1954ರಲ್ಲಿ ಬಂತು. ಅದರ ಹತ್ತು ವರ್ಷಕ್ಕೆ ಜ್ಯಾನೆಟ್ ಆರ್ನಲ್ಡ್ (1932–1998) ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಶನ್' ಮಾಲೆಯ ಮೊದಲ ಸಂಪುಟ ಪ್ರಕಟವಾಯಿತು. ಆರ್ನಲ್ಡ್ ವಸ್ತುಸಂಗ್ರಹಾಲಯಗಳ ಉಡುಪುಗಳನ್ನು ಮೇಜಿನ ಮೇಲೆ ಹರಡಿಸಿ, ಒಂದೊಂದು ತುಂಡನ್ನೂ ಅಳೆದು, ಚೌಕುಳಿ ಕಾಗದದ ಮೇಲೆ ಎಂಟನೆಯ ಒಂದರ ಪ್ರಮಾಣಕ್ಕೆ ಇಳಿಸಿ ಬರೆದರು. ತೇಪೆ ಎಲ್ಲಿದೆ, ಬಟ್ಟೆ ಸಾಲದೆ ಎಲ್ಲಿ ತುಂಡು ಕೂಡಿಸಿದ್ದಾರೆ, ಒಳಪದರ ಯಾವುದರದು ಎಂಬುದನ್ನೂ ಬಿಡದೆ ಗುರುತಿಸಿದರು. 1985ರ ಸಂಪುಟ 1560ರಿಂದ 1620ರವರೆಗಿನ ಉಡುಪುಗಳದು. 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಎಲಿಯೊನೊರಾ ದಿ ತೊಲೆದೊ ಅವರನ್ನು ಸಮಾಧಿ ಮಾಡಿದಾಗ ತೊಡಿಸಿದ್ದ ಉಡುಪಿನ ಅಳತೆಯೂ ಅದರಲ್ಲಿದೆ. ಚಿತ್ರಪಟ ನೋಡಿ ಊಹೆಯ ಮೇಲೆ ಹೊಲಿಯುತ್ತಿದ್ದವರ ಕೈಗೆ ಈಗ ಮೂಲದ ಅಳತೆ ಸಿಕ್ಕಿತು. ಆಮೇಲೆ ತಪ್ಪಾದರೆ ಅದನ್ನು ತೋರಿಸಿಕೊಡಬಲ್ಲವರೂ ಇದ್ದರು. ಸಂಶೋಧನೆಗೆ ಬೇಕಾದ ಮೊದಲ ಷರತ್ತೇ ಅದು.

ಹೊಲಿಗೆ ಯಂತ್ರಕ್ಕೆ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ. ಅದಕ್ಕೂ ಹಿಂದಿನ ಬಹುತೇಕ ಎಲ್ಲ ಉಡುಪೂ ಕೈಹೊಲಿಗೆಯದೇ. ಆದ್ದರಿಂದ ಹಳೆಯ ಕೆಲಸವೆಲ್ಲ ಬಲು ನವುರು ಎಂದು ನಂಬಿಕೊಂಡು ಹೊರಟವರಿಗೆ 18ನೆಯ ಶತಮಾನದ ರೇಷ್ಮೆ ಗೌನು ದಂಗುಬಡಿಸುತ್ತದೆ. ಅದರ ಒಳಗಡೆ ಹೊಲಿಗೆಗಳು ಉದ್ದುದ್ದ, ಕೆಲವೆಡೆ ತಾತ್ಕಾಲಿಕವಾಗಿ ನೂಲೋಡಿಸಿದಷ್ಟು ಸಡಿಲ. ಅದೇ ಕಾಲದ ಲಿನನ್ ಅಂಗಿಯ ಹೊಲಿಗೆಗಳಾದರೋ ಕಣ್ಣಿಗೆ ಕಾಣದಷ್ಟು ಸಣ್ಣ. ಅಂಚುಗಳನ್ನು ಒಳಕ್ಕೆ ಮಡಿಚಿ ಎರಡು ಸಲ ಹೊಲಿದಿರುತ್ತಾರೆ. ಕಾರಣ ಆ ಕಾಲದ ಮನೆಖರ್ಚಿನಲ್ಲಿದೆ. ರೇಷ್ಮೆ ದುಬಾರಿ, ಹೊಲಿಯುವವಳ ಕೂಲಿ ಅಗ್ಗ. ಶೈಲಿ ಬದಲಾದಾಗ ಗೌನನ್ನು ಬಿಚ್ಚಿ, ಅದೇ ರೇಷ್ಮೆಯನ್ನು ಹೊಸದಾಗಿ ಹೊಲಿಸಬೇಕು. ಗಟ್ಟಿ ಹೊಲಿದರೆ ಬಿಚ್ಚುವಾಗ ಬಟ್ಟೆ ಹಾಳು. ಗೌನನ್ನು ನೀರಿಗೆ ಹಾಕುತ್ತಲೂ ಇರಲಿಲ್ಲ. ಮೈಗೆ ತಾಗುವ ಅಂಗಿಯನ್ನಾದರೆ ಮೇಲಿಂದ ಮೇಲೆ ಕಾರದ ನೀರಿನಲ್ಲಿ ಕುದಿಸಿ ಬಡಿದು ಒಗೆಯಬೇಕಿತ್ತು. ಆ ಅಂಗಿಯೋ ಬರೀ ಆಯತ, ಚೌಕ, ತ್ರಿಕೋನಗಳ ಕತ್ತರಿಕೆ. ಕಂಕುಳಿಗೆ ಒಂದು ಚೌಕ ತುಂಡು, ಕುತ್ತಿಗೆಗೆ ಚಿಕ್ಕ ತ್ರಿಕೋನ, ಬಟ್ಟೆಯ ಒಂದು ಚೂರೂ ಪೋಲಾಗದು. ಚಿತ್ರಪಟಗಳಲ್ಲಿ ಕಣ್ಣು ಸೆಳೆಯುವುದು ಗೌನು. ದಿನಗಳನ್ನು ನುಂಗುವುದು ಅಂಗಿ. ಇದನ್ನು ದಾಖಲೆ ಓದಿ ಊಹಿಸಬಹುದು ನಿಜ. ಜೇನುಮೇಣ ಸವರಿದ ಲಿನನ್ ದಾರದಲ್ಲಿ ಒಂದು ಅಂಗಿಯನ್ನು ಪೂರ್ತಿ ಹೊಲಿದವರಿಗೆ ಮಾತ್ರ ಅದರ ಪ್ರಮಾಣ ಗೊತ್ತು.

ಮೂಲ ಉಡುಪನ್ನು ತೊಟ್ಟು ನೋಡಲು ಯಾವ ಒಳ್ಳೆಯ ಸಂಗ್ರಹಾಲಯವೂ ಬಿಡುವುದಿಲ್ಲ. ಹೀಗಾಗಿ ಉಡುಪು ಮೈಮೇಲೆ ಹೇಗೆ ಕೂರುತ್ತದೆ, ತೋಳು ಎಷ್ಟು ಎತ್ತಲು ಬರುತ್ತದೆ ಎಂದು ತಿಳಿಯಲು ಪ್ರತಿಕೃತಿಯೇ ದಾರಿ. ಹಿಲರಿ ಡೇವಿಡ್ಸನ್ ಅವರು ಜೇನ್ ಆಸ್ಟೆನ್‌ದೆಂದು ಹೇಳಲಾಗುವ, 1812–1814ರ ಸುಮಾರಿನ ರೇಷ್ಮೆ ಮೇಲಂಗಿಯನ್ನು ಅಳೆದು ಮರುಹೊಲಿದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ತೊಟ್ಟವಳು ಐದೂವರೆ ಅಡಿಗೂ ಮೀರಿದ, ತೆಳ್ಳಗಿನ ಹೆಂಗಸು ಎಂಬ ತೀರ್ಮಾನ ಬಂದದ್ದು ಬಟ್ಟೆಯಿಂದ. ಡೇವಿಡ್ಸನ್ ಹವ್ಯಾಸಿಯಲ್ಲ, ವೃತ್ತಿನಿರತ ವಿದ್ವಾಂಸೆ. ಆದರೆ ಹವ್ಯಾಸಿಗಳು ದಶಕಗಳಿಂದ ನಡೆದ ಹಾದಿಯಲ್ಲೇ ವಿಶ್ವವಿದ್ಯಾಲಯಗಳು ತಡವಾಗಿ ನಡೆದು ಬಂದವು.

ಅಲಂಕರಣದ ವಿಷಯಕ್ಕೆ ಬಂದರೆ ಕನ್ನಡ ಓದುಗರಿಗೆ ಗುರುತಿನ ಒಂದು ಸಂಗತಿ ಎದುರಾಗುತ್ತದೆ. ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ, ಮುಂಗೈಯ ನಿರಿಗೆಯ ಬಿಳಿ ಲಿನನ್ ಮೇಲೆ ಕಪ್ಪು ರೇಷ್ಮೆಯ ಕಸೂತಿ ಕಾಣುತ್ತದೆ. ಈ ಹೊಲಿಗೆಗೆ ಆ ಚಿತ್ರಕಾರನ ಹೆಸರೇ ಅಂಟಿಕೊಂಡಿದೆ. ಸೂಜಿ ಒಂದು ದಿಕ್ಕಿಗೆ ಎಳೆ ಬಿಟ್ಟು ಎಳೆ ಹಿಡಿಯುತ್ತ ಹೋಗಿ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡು ಮೈಯಲ್ಲೂ ಚಿತ್ತಾರ ಒಂದೇ. ಇದು ಧಾರವಾಡ ಸೀಮೆಯ ಕಸೂತಿಯ ಗವಂತಿಯೇ. ಅಲ್ಲಿ ಬಿಳಿಯ ಮೇಲೆ ಕಪ್ಪು ದಾರ, ಇಲ್ಲಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಣ್ಣದ ದಾರ. ಎರಡೂ ಕಡೆ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು, ಗಂಟು ಕಾಣಬಾರದು. ಇವೆರಡರ ನಡುವೆ ಚಾರಿತ್ರಿಕ ಸಂಬಂಧ ಹುಡುಕುವ ಉತ್ಸಾಹಕ್ಕೆ ನಾನು ಬೀಳಲಾರೆ. ಎಳೆ ಎಣಿಸುವ ಕೈಗಳು ಬೇರೆ ಬೇರೆ ಊರಲ್ಲಿ ಒಂದೇ ಉಪಾಯಕ್ಕೆ ಬರಬಹುದು. ಮುಖ್ಯವಾದದ್ದು ಬೇರೆ. ಎರಡು ಮೈಯೂ ಸಮನಾಗಿರಲೇಬೇಕೆಂಬ ಹಟ ಏಕೆ ಎಂಬುದು ಆ ಮುಂಗೈ ನಿರಿಗೆಯನ್ನು ಹೊಲಿದು ತೊಟ್ಟವರಿಗೆ ತಕ್ಷಣ ಹೊಳೆಯುತ್ತದೆ: ಕೈ ಆಡಿದಾಗ ನಿರಿಗೆ ಮಗುಚಿ ಒಳಮೈ ಕಾಣುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ವಸ್ತುಸಂಗ್ರಹಾಲಯ 2007ರಲ್ಲಿ ಒಂದು ಧೈರ್ಯದ ಕೆಲಸಕ್ಕೆ ಕೈಹಾಕಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ 17ನೆಯ ಶತಮಾನದ ಮೊದಲ ದಶಕಗಳ ಕಸೂತಿ ಜಾಕೆಟ್ಟುಗಳಿವೆ. ಅವುಗಳಲ್ಲಿ ಮಾರ್ಗರೆಟ್ ಲೇಟನ್ ಅವರದು ಪ್ರಸಿದ್ಧ. ಅದನ್ನೇ ತೊಟ್ಟ ಆಕೆಯ ಚಿತ್ರಪಟವೂ ಅಲ್ಲೇ ಇದೆ. ಇಂಥ ಜಾಕೆಟ್ಟುಗಳ ಮಾದರಿಯಲ್ಲಿ ಒಂದನ್ನು ಹೊಸದಾಗಿ ಮಾಡಲು ಪ್ಲಿಮತ್ ಕಸೂತಿ ಹವ್ಯಾಸಿಗಳನ್ನು ಕರೆಯಿತು. ಬಣ್ಣದ ರೇಷ್ಮೆಯ ಹೂವು, ಎಲೆ, ಹುಳುಗಳು, ಹೆಣೆದ ಜಡೆಯಂತೆ ಸುತ್ತಿ ಹೋಗುವ ಚಿನ್ನದ ಎಳೆಯ ಬಳ್ಳಿ, ಅವುಗಳ ನಡುವೆ ಸಾವಿರಾರು ಲೋಹದ ಚಮಕಿ. ಇನ್ನೂರಕ್ಕೂ ಹೆಚ್ಚು ಕೈಗಳು ದುಡಿದವು, ಕೆಲಸದ ಲೆಕ್ಕ ಮೂರು ಸಾವಿರ ಗಂಟೆ ಮೀರಿತು. 1620ರಲ್ಲಿ ಬಂದಿಳಿದ ಬಡ ವಲಸಿಗರ ಕಥೆ ಹೇಳುವ ಸಂಗ್ರಹಾಲಯಕ್ಕೆ ಇಂಥ ಸಿರಿವಂತರ ಜಾಕೆಟ್ಟು ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮೂರು ಸಾವಿರ ಗಂಟೆ ಎಂಬ ಆ ಲೆಕ್ಕ ಯಾವ ಚಿತ್ರಪಟದಲ್ಲೂ ಸಿಗುತ್ತಿರಲಿಲ್ಲ. 1561ರಲ್ಲಿ ರಾಜಸನ್ನದು ಪಡೆದ ಲಂಡನ್ನಿನ ಕಸೂತಿಗಾರರ ಸಂಘ ಏಕೆ ಅಷ್ಟು ಬಲವಾಗಿತ್ತು ಎಂಬುದನ್ನು ಯೋಚಿಸಲು ಅದು ಒಂದು ದಾರಿ.

ಇದೇ ಲೆಕ್ಕವನ್ನು ಭಾರತಕ್ಕೆ ತಂದಾಗ ಹವ್ಯಾಸ ಮುಜುಗರಕ್ಕೆ ಸಿಕ್ಕಿಬೀಳುತ್ತದೆ. 1903ರ ಜನವರಿ 6ರಂದು ದೆಹಲಿ ದರ್ಬಾರಿನ ಅಂಗವಾಗಿ ಕೆಂಪುಕೋಟೆಯಲ್ಲಿ ನಡೆದ ನೃತ್ಯಕೂಟಕ್ಕೆ ವೈಸ್‌ರಾಯ್ ಕರ್ಜನ್ ಅವರ ಪತ್ನಿ ಮೇರಿ ಕರ್ಜನ್ ನವಿಲುಗರಿಯ ಕಸೂತಿಯ ಗೌನು ತೊಟ್ಟು ಬಂದರು. ಮೈತುಂಬ ಒಂದರ ಮೇಲೊಂದು ಹೊದ್ದ ಗರಿಗಳು, ಪ್ರತಿ ಗರಿಯ ಕಣ್ಣಿಗೆ ಹಸಿರು-ನೀಲಿ ಹೊಳೆಯುವ ದುಂಬಿಯ ಗಟ್ಟಿರೆಕ್ಕೆ. ಗೌನಿನ ತೂಕ ಸುಮಾರು ನಾಲ್ಕೂವರೆ ಕಿಲೋ. ಅದರ ಜರ್ದೋಸಿ ಕೆಲಸ ಕಿಶನ್ ಚಂದ್ ಅವರ ಕಾರ್ಖಾನೆಯದು; ಕಸೂತಿಯಾದ ತುಂಡುಗಳನ್ನು ಪ್ಯಾರಿಸಿಗೆ ಕಳಿಸಿ, ವರ್ತ್ ಸಂಸ್ಥೆಯಲ್ಲಿ ಗೌನಾಗಿ ಹೊಲಿಸಲಾಯಿತು. ಈಗದು ಡರ್ಬಿಶೈರಿನ ಕೆಡ್ಲ್‌ಸ್ಟನ್ ಹಾಲ್‌ನಲ್ಲಿದೆ. ವರ್ತ್ ಹೆಸರು ಜಗತ್ತಿಗೆಲ್ಲ ಗೊತ್ತು. ಕಾರ್ಖಾನೆಯ ಯಜಮಾನನ ಹೆಸರೂ ಉಳಿದಿದೆ. ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಸುತ್ತ ಕೂತು ಜರಿ ಕೂಡಿಸಿದವರ ಹೆಸರಿಲ್ಲ. 1899–1900ರ ಭೀಕರ ಬರಗಾಲ ಮುಗಿದು ಆಗಿನ್ನೂ ಮೂರು ವರ್ಷವಾಗಿರಲಿಲ್ಲ.

ಇಂಗ್ಲೆಂಡಿನ ಹವ್ಯಾಸಿಯೊಬ್ಬರು ಈ ಗೌನನ್ನು ಮತ್ತೆ ಮಾಡಲು ಹೊರಟು ವರ್ಷಗಟ್ಟಲೆ ಬೆನ್ನುಹತ್ತಿದರು. ಅದರ ವಸಾಹತು ಚರಿತ್ರೆಯ ಬಗ್ಗೆ ಪ್ರಶ್ನೆಗಳೆದ್ದ ಮೇಲೆ ಅರ್ಧಕ್ಕೇ ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಈ ಅರ್ಧಕ್ಕೆ ನಿಂತ ಕೆಲಸ ಪೂರ್ಣವಾದ ಹಲವು ಪ್ರತಿಕೃತಿಗಳಿಗಿಂತ ಹೆಚ್ಚು ಕಲಿಸುತ್ತದೆ. ಒಂದೊಂದು ಗರಿಗೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸತೊಡಗಿದ ಕೂಡಲೇ, ಆ ಹೊತ್ತು ಯಾರದಾಗಿತ್ತು ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಈ ಸಾಕ್ಷ್ಯಕ್ಕೆ ಮಿತಿ ಇದೆ. ಹವ್ಯಾಸಿಯ ಒಂದು ಗಂಟೆ ಕಸುಬುದಾರನ ಒಂದು ಗಂಟೆಯಲ್ಲ. ಎಳವೆಯಿಂದ ಜರಿಕೆಲಸದಲ್ಲಿ ಪಳಗಿದ ಕೈ ಎರಡು ಮೂರು ಪಟ್ಟು ವೇಗವಾಗಿ ಓಡಿದ್ದರೆ ಆಶ್ಚರ್ಯವಿಲ್ಲ. ಇಂದಿನ ಲಿನನ್, ರೇಷ್ಮೆಗಳ ನೂಲು ಅಂದಿನದಲ್ಲ. ಇಂದಿನ ಮೈಕಟ್ಟೂ ಅಂದಿನದಲ್ಲ. ಹವ್ಯಾಸಿ ಹೊಲಿಯುವುದು ಹಗಲುಬೆಳಕಿನ ಕಿಟಕಿಯ ಬಳಿ ಮಾತ್ರವಲ್ಲ, ವಿದ್ಯುದ್ದೀಪದಡಿಯೂ. ಸಾಕಾದಾಗ ಎದ್ದು ಹೋಗುತ್ತಾರೆ, ಕೂಲಿಯವನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಆದ್ದರಿಂದ ಇಂಥ ಲೆಕ್ಕಗಳನ್ನು ಅಂದಾಜಿಗೆ ಬಳಸಬೇಕೇ ಹೊರತು ಕೂಲಿಯ ದಾಖಲೆಯಂತೆ ಓದಬಾರದು.

ಇನ್ನೊಂದು ತೊಡಕು ಇಂದಿನದೇ. ಈ ಹವ್ಯಾಸಿಗಳಲ್ಲಿ ಅನೇಕರು 16ನೆಯ ಶತಮಾನದ ಗೌನಿಗೆ ಭಾರತದ ಸೀರೆಯ ಜರಿಯಂಚು, ಸಿದ್ಧ ಕಸೂತಿ ಪಟ್ಟಿಗಳನ್ನು ಕೊಂಡು ಹಚ್ಚುತ್ತಾರೆ. ನಮ್ಮ ಮದುವೆ ಬ್ಲೌಸುಗಳ ಆರಿ ಕೆಲಸ ಮಾಡುವಂಥ ಚೌಕಟ್ಟುಗಳಿಂದಲೇ ಅಂಥ ಎಷ್ಟೋ ಪಟ್ಟಿಗಳು ಹೊರಡುತ್ತವೆ. ಹೊಲಿದವರು ತಮ್ಮ ಗಂಟೆಗಳನ್ನು ಟಿಪ್ಪಣಿಯಲ್ಲಿ ಅಚ್ಚುಕಟ್ಟಾಗಿ ಬರೆದಿಡುತ್ತಾರೆ, ಕೊಂಡ ಪಟ್ಟಿಗೆ ಹಿಡಿದ ಗಂಟೆಗಳನ್ನು ಬಿಟ್ಟುಬಿಡುತ್ತಾರೆ. ಮರುಹೊಲಿಗೆಯನ್ನು ಸಂಶೋಧನೆಯೆಂದು ಒಪ್ಪಿಸಲು ಬಯಸುವವರು ಈ ಖಾಲಿ ಅಂಕಣವನ್ನೂ ತುಂಬಲಿ: ಪಟ್ಟಿ ಯಾವ ಊರಿನದು, ಯಾರ ಕೈಯದು, ಅವರಿಗೆ ಸಂದದ್ದೆಷ್ಟು ಎಂದು ವಿಚಾರಿಸಿ ಬರೆಯಲಿ.