ಹೆಸರು ಮರೆಯಾದಾಗ: 1976ರ ಪ್ಯಾರಿಸ್ ರುಚಿ ಪರೀಕ್ಷೆ

ವಿದ್ಯಾರ್ಥಿ ಮಿತ್ರರೇ, ಸಾರ್ವಜನಿಕ ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ನೀವು ಹೆಸರು ಬರೆಯುವುದಿಲ್ಲ, ನೋಂದಣಿ ಸಂಖ್ಯೆಯನ್ನಷ್ಟೇ ಬರೆಯುತ್ತೀರಿ. ಏಕೆಂದು ಯೋಚಿಸಿದ್ದೀರಾ? ಮೌಲ್ಯಮಾಪಕರು ಉತ್ತರವನ್ನು ನೋಡಬೇಕೇ ಹೊರತು ಬರೆದವರನ್ನಲ್ಲ. ಈ ಸಣ್ಣ ನಿಯಮದ ಬೆಲೆ ಎಷ್ಟೆಂಬುದಕ್ಕೆ ವೈನ್‌ನ ಚರಿತ್ರೆಯಲ್ಲಿ ಸ್ವಾರಸ್ಯವಾದ ನಿದರ್ಶನವೊಂದಿದೆ.

ದ್ರಾಕ್ಷಿ ರಸವನ್ನು ಹುದುಗು ಬರಿಸಿ ತಯಾರಿಸುವ ವೈನ್‌ನಲ್ಲಿ ಫ್ರಾನ್ಸಿಗೆ ಸರಿಸಾಟಿಯಿಲ್ಲ ಎಂಬ ನಂಬಿಕೆ ಬಹುಕಾಲದಿಂದ ಬೇರೂರಿತ್ತು. ಅಲ್ಲಿನ ಬೋರ್ಡೊ ಪ್ರಾಂತದ ಹೆಸರಾಂತ ವೈನ್‌ಗಳಿಗೆ 1855ರಲ್ಲಿಯೇ ದರ್ಜೆಗಳನ್ನು ಗೊತ್ತುಪಡಿಸಲಾಗಿತ್ತು. ಅಮೆರಿಕದಲ್ಲಾದರೋ 1920ರಿಂದ 1933ರವರೆಗೆ ಪಾನನಿರೋಧ ಜಾರಿಯಲ್ಲಿದ್ದು, ಕ್ಯಾಲಿಫೋರ್ನಿಯದ ವೈನ್ ಉದ್ಯಮ ನೆಲಕಚ್ಚಿತ್ತು. ಅದು ಮತ್ತೆ ಚೇತರಿಸಿಕೊಂಡಿದ್ದರೂ ಯುರೋಪಿನಲ್ಲಿ ಅದನ್ನು ಲೆಕ್ಕಕ್ಕೆ ಇಟ್ಟವರು ವಿರಳ.

1976ರ ಮೇ 24ರಂದು, ಪ್ಯಾರಿಸಿನಲ್ಲಿ ವೈನ್ ವ್ಯಾಪಾರ ನಡೆಸುತ್ತಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲೆಂಡಿನವರು ಅಲ್ಲಿನ ಹೋಟೆಲೊಂದರಲ್ಲಿ ರುಚಿ ಪರೀಕ್ಷೆಯನ್ನು ಏರ್ಪಡಿಸಿದರು. ಹತ್ತು ಬಿಳಿ ವೈನ್‌ಗಳು, ಹತ್ತು ಕೆಂಪು ವೈನ್‌ಗಳು. ಎರಡರಲ್ಲೂ ಕ್ಯಾಲಿಫೋರ್ನಿಯದವು ಆರು, ಫ್ರಾನ್ಸಿನವು ನಾಲ್ಕು. ಅಂಕ ನೀಡಬೇಕಾದವರು ಒಂಬತ್ತು ಮಂದಿ ಫ್ರೆಂಚ್ ತಜ್ಞರು. ಎರಡೂ ದೇಶಗಳ ವೈನ್ ಇದೆಯೆಂದು ಅವರಿಗೆ ಗೊತ್ತಿತ್ತು. ಆದರೆ ಯಾವ ಲೋಟದಲ್ಲಿ ಯಾವುದೆಂದು ತಿಳಿಯದು. ಇಂಥ ಪರೀಕ್ಷೆಯಲ್ಲಿ ಮೊದಲು ಬಣ್ಣ ನೋಡುತ್ತಾರೆ, ಬಳಿಕ ಪರಿಮಳ ಆಘ್ರಾಣಿಸುತ್ತಾರೆ, ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಎಲ್ಲವನ್ನೂ ನುಂಗುತ್ತ ಹೋದರೆ ನಾಲಿಗೆಯ ವಿವೇಚನೆ ಉಳಿಯುವುದಿಲ್ಲವಷ್ಟೆ!

ಪರೀಕ್ಷೆ ನಡೆಯುತ್ತಿದ್ದಂತೆ ಒಬ್ಬ ತಜ್ಞರು ಕ್ಯಾಲಿಫೋರ್ನಿಯದ ಬಿಳಿ ವೈನ್ ಸವಿದು, ಇದು ಫ್ರಾನ್ಸಿನದೇ ಎಂದು ಸಂತೋಷಪಟ್ಟರು. ಕೊನೆಗೆ ಅಂಕಗಳನ್ನು ಕೂಡಿಸಿದಾಗ ಎಲ್ಲರೂ ಬೆರಗಾದರು. ಬಿಳಿಯದರಲ್ಲಿ ಷಾಟೊ ಮಾಂಟೆಲೀನ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲರ್ಸ್ ಮೊದಲ ಸ್ಥಾನ ಪಡೆದಿದ್ದವು. ಎರಡೂ ಕ್ಯಾಲಿಫೋರ್ನಿಯದ ನಾಪಾ ಕಣಿವೆಯವು! ಅಲ್ಲಿದ್ದ ಏಕೈಕ ಪತ್ರಕರ್ತ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್, ಈ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು.

ಇದರಿಂದ ಫ್ರಾನ್ಸಿನ ವೈನ್ ಕೀಳೆಂದು ಭಾವಿಸಬೇಡಿ. ಕೆಂಪು ವೈನ್‌ಗಳಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ ಅಂತರ ತೀರ ಕಡಿಮೆ, ಎರಡನೆಯದು ಫ್ರಾನ್ಸಿನದೇ. ಒಂದು ದಿನದ, ಒಂಬತ್ತು ನಾಲಿಗೆಗಳ ತೀರ್ಪು ಶಾಶ್ವತವೂ ಅಲ್ಲ. ಫ್ರಾನ್ಸಿನ ಕೆಂಪು ವೈನ್ ವರ್ಷ ಕಳೆದಂತೆ ಹದಗೊಳ್ಳುತ್ತದೆ, ಆಗ ಅದೇ ಗೆಲ್ಲುತ್ತದೆ ಎಂದು ಹಲವರು ವಾದಿಸಿದರು. 2006ರಲ್ಲಿ ಅವೇ ಕೆಂಪು ವೈನ್‌ಗಳನ್ನು ಮತ್ತೆ ಪರೀಕ್ಷಿಸಲಾಯಿತು. ಈ ಬಾರಿ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಕ್ಕೇ ಸಂದವು.

ಇನ್ನೊಂದು ಸಂಗತಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ಅದನ್ನು ತಾಳಬಲ್ಲ ಅಮೆರಿಕದ ಬೇರುಗಳ ಮೇಲೆ ತಮ್ಮ ಬಳ್ಳಿಗಳನ್ನು ಕಸಿಮಾಡಿ ಫ್ರೆಂಚರು ತೋಟಗಳನ್ನು ಉಳಿಸಿಕೊಂಡರು. ಇತ್ತ ನಾಪಾ ಕಣಿವೆಯಲ್ಲಿ ಬೆಳೆದ ದ್ರಾಕ್ಷಿಯ ತಳಿಗಳು ಫ್ರಾನ್ಸಿನವು. ಹೀಗಿರುವಾಗ ನಮ್ಮದು, ಅವರದು ಎಂಬ ಗೆರೆಯನ್ನು ಎಲ್ಲಿ ಎಳೆಯುವುದು?

ಅಂದು ಗೆದ್ದ ವೈನ್‌ಗಳ ಸೀಸೆಗಳು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯ ಸೇರಿವೆ. ಮಿತ್ರರೇ, ಮುಂದೆ ನೀವೂ ಒಂದು ಕೃತಿಯನ್ನೋ ಒಬ್ಬ ವ್ಯಕ್ತಿಯನ್ನೋ ಅಳೆಯಬೇಕಾಗಿ ಬಂದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಹೆಸರು ತಿಳಿಯದಿದ್ದರೂ ನನ್ನ ಅಭಿಪ್ರಾಯ ಇದೇ ಆಗಿರುತ್ತಿತ್ತೇ?