ತಳದಲ್ಲಿರುವ ಹೆಸರು

ಫಿನ್‌ಲೆಂಡಿನ ಹಳೇ ಗಾಜು ಸಂಗ್ರಹಿಸುವವರನ್ನು ಗುರುತಿಸೋದು ಸುಲಭ. ಕೈಗೊಂದು ಚಂದದ ಹೂದಾನಿ ಕೊಡಿ, ಮೊದಲು ಬೋರಲು ಮಾಡಿ ನೋಡ್ತಾರೆ. ತಳದಲ್ಲಿ ಸೂಜಿಯಿಂದ ಗೀಚಿದಂಥ ಸಣ್ಣ ಅಕ್ಷರಗಳಿವೆಯಾ ಅಂತ. ‘ಟಾಪಿಯೊ ವಿರ್ಕಲ, ಈಟ್ಟಲ’ ಎಂದೋ ‘ಟಿಮೊ ಸರ್ಪನೇವ’ ಎಂದೋ ಇದ್ದು, ಪಕ್ಕದಲ್ಲಿ ಮಾದರಿಯ ಸಂಖ್ಯೆಯೋ ಇಸವಿಯೋ ಇದ್ದರೆ ಒಂದು ಬೆಲೆ. ಇಲ್ಲದಿದ್ದರೆ ಇನ್ನೊಂದು. ಗಾಜು ಮಾತ್ರ ಅದೇ. ಹಾಗಾದರೆ ಆ ಹೆಸರು ಅಲ್ಲಿಗೆ ಬಂದದ್ದು ಹೇಗೆ?

ಎರಡನೇ ಮಹಾಯುದ್ಧ ಮುಗಿದಾಗ ಫಿನ್‌ಲೆಂಡ್ ಸೋತು ಸುಣ್ಣವಾಗಿತ್ತು. ಕರೇಲಿಯದ ಬಹುಭಾಗ ಸೋವಿಯತ್ ಒಕ್ಕೂಟದ ಪಾಲಾಯಿತು. ಅಲ್ಲಿಂದ ಎದ್ದು ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ಮನೆ, ಹೊಲ ಹುಡುಕಿಕೊಡಬೇಕಿತ್ತು. ಸಾಲದ್ದಕ್ಕೆ ಯುದ್ಧ ಪರಿಹಾರ ಬೇರೆ. ಮೊದಲು ನಿಗದಿಯಾದದ್ದು 30 ಕೋಟಿ ಡಾಲರ್, ಅದೂ ನಗದಾಗಿ ಅಲ್ಲ, ಹಡಗು, ಯಂತ್ರ, ಕಾಗದದಂಥ ಸರಕಾಗಿ. ಅದು ತೀರಿದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆದ ವರ್ಷವೇ.

ಇಂಥ ದೇಶ ಹೊರಗಿನ ಮಾರುಕಟ್ಟೆಯಲ್ಲಿ ‘ನಾವೂ ಇದ್ದೀವಿ’ ಅಂತ ಹೇಳಿಕೊಳ್ಳಬೇಕಿತ್ತು. ಕುಲುಮೆಗಳು, ಕೆಲಸ ಬಲ್ಲ ಕೈಗಳು ಮೊದಲೇ ಇದ್ದವು. ನೂಟಯಾರ್ವಿಯ ಗಾಜಿನ ಕಾರ್ಖಾನೆ 1793ರದ್ದು, ಈಟ್ಟಲದ್ದು 1881ರದ್ದು. ಬೇಕಾಗಿದ್ದದ್ದು ಹೊಸ ರೂಪ, ಜೊತೆಗೆ ಜಗತ್ತಿಗೆ ತೋರಿಸಲು ಒಂದಷ್ಟು ಹೆಸರು. 1946ರಲ್ಲಿ ಈಟ್ಟಲ ನಡೆಸಿದ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದವರಲ್ಲೊಬ್ಬರು ಶಿಲ್ಪ ಕಲಿತಿದ್ದ ವಿರ್ಕಲ. ಅದೇ ಹೊತ್ತಿಗೆ ಅವರ ‘ಕಾಂತರೆಲ್ಲಿ’ ಹೂದಾನಿ ಬಂತು, ಕಾಡಿನ ಅಣಬೆಯ ಹಾಗೆ ಅಂಚು ಹೊರಕ್ಕೆ ಮಡಚಿಕೊಂಡದ್ದು. 1951ರ ಮಿಲಾನ್ ಟ್ರಿಯೆನಾಲೆ ಪ್ರದರ್ಶನದಲ್ಲಿ ಅವರಿಗೆ ಮೂರು ಗ್ರ್ಯಾಂಡ್ ಪ್ರಿ ಬಂದವು. 1954ರಲ್ಲಿ ಸರ್ಪನೇವ ಅವರ ‘ಆರ್ಕಿಡಿಯ’ವನ್ನು ಅಮೆರಿಕದ ‘ಹೌಸ್ ಬ್ಯೂಟಿಫುಲ್’ ಪತ್ರಿಕೆ ಆ ವರ್ಷದ ಅತಿ ಸುಂದರ ವಸ್ತು ಅಂತ ಕರೆಯಿತು. ಗಾಜಿನ ಜೊತೆ ಹೆಸರೂ ರಫ್ತಾಯಿತು.

ಈಗ ಆ ಆರ್ಕಿಡಿಯ ಹೇಗೆ ಆಗ್ತಿತ್ತು ನೋಡಿ. ಕರಗಿದ ಗಾಜಿನ ಉಂಡೆಗೆ ಒದ್ದೆ ಕಡ್ಡಿ ಚುಚ್ಚುತ್ತಾರೆ. ಕಡ್ಡಿಯ ನೀರು ಥಟ್ಟನೆ ಆವಿಯಾಗಿ, ಒಳಗೆ ಹನಿಯಂಥ ಪೊಳ್ಳು ಉಬ್ಬುತ್ತದೆ. 1964ರ ‘ಫಿನ್‌ಲಾಂಡಿಯ’ ಸರಣಿಗೆ ಸರ್ಪನೇವ ಮರದ ಅಚ್ಚು ಬಳಸಿದರು. ಪ್ರತಿ ಸಲ ಗಾಜು ಊದಿದಾಗಲೂ ಅಚ್ಚಿನ ಒಳಮೈ ಸುಟ್ಟು ಇದ್ದಿಲಾಗುತ್ತಿತ್ತು, ಆ ಸುಟ್ಟ ಗುರುತೇ ಗಾಜಿನ ಮೇಲೆ ಮೂಡುತ್ತಿತ್ತು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಅಪರೂಪ ಅನ್ನೋದು ಇಲ್ಲಿ ಬರೀ ವ್ಯಾಪಾರದ ಮಾತಲ್ಲ. ಹಾಗೆಯೇ ಇನ್ನೊಂದು ಬೇಕೆಂದರೆ ಆ ಅಚ್ಚೇ ಉಳಿದಿಲ್ಲ.

ಆದರೆ ಕಡ್ಡಿ ಚುಚ್ಚಿದ ಕೈ ಯಾರದ್ದು? ಕೊಳವೆ ಊದಿದವರು, ಕಾಂತರೆಲ್ಲಿಯ ಮೈಮೇಲೆ ಕೂದಲಿನಂಥ ಗೆರೆಗಳನ್ನು ಒಂದೊಂದಾಗಿ ಕೊರೆದವರು ಯಾರು? ಕಾರ್ಖಾನೆಯ ಕೆಲಸಗಾರರು. ತಳದಲ್ಲಿ ಅವರ ಹೆಸರಿಲ್ಲ. ನಮ್ಮ ಐಟಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮೂರಕ್ಕೆ ಎದ್ದು ಸರ್ವರ್ ಸರಿಮಾಡಿದವನ ಹೆಸರು ಡೆಮೊ ಸ್ಲೈಡಿನಲ್ಲಿ ಎಲ್ಲಿರುತ್ತೆ?

ಈ ಪ್ರಶ್ನೆಯನ್ನು ಆಗಲೇ ಎತ್ತಿದವರೊಬ್ಬರಿದ್ದರು, ನೂಟಯಾರ್ವಿಯ ಕಲಾ ನಿರ್ದೇಶಕ ಕೈ ಫ್ರಾಂಕ್. ಸ್ವತಃ ಪ್ರಶಸ್ತಿ ಪಡೆದ ವಿನ್ಯಾಸಕಾರ. ದಿನಬಳಕೆಯ ವಸ್ತುವಿನ ಮೇಲೆ ವಿನ್ಯಾಸಕಾರನ ಹೆಸರು ಯಾಕೆ, ಅದು ಹಲವರು ಕೂಡಿ ಮಾಡಿದ್ದಲ್ವಾ ಅಂತ 1960ರ ದಶಕದಲ್ಲಿ ವಾದಿಸಿದರು. ತಮಾಷೆ ಏನಂದರೆ, ಇವತ್ತು ‘ಕೆ. ಫ್ರಾಂಕ್’ ಅಂತ ಕೆತ್ತಿದ, ಇಸವಿ ಹಾಕಿದ ಕಲಾಗಾಜಿಗೇ ಜನ ಹುಡುಕಾಡ್ತಾರೆ. ಅವರು 1958ರಲ್ಲಿ ರೂಪಿಸಿದ ಸರಳ ‘ಕಾರ್ಟಿಯೊ’ ಲೋಟ ಮಾತ್ರ ಇಂದಿಗೂ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಯಾರೂ ಬೋರಲು ಮಾಡಿ ನೋಡೋದಿಲ್ಲ, ನೀರು ಕುಡೀತಾರೆ.

ಸಹಿಯನ್ನೇ ನಂಬಿ ಕೊಳ್ಳೋದರಲ್ಲಿ ಅಪಾಯವೂ ಇದೆ. ಅಕ್ಷರ ಗೀಚೋದು ಯಾರಿಗೂ ಕಷ್ಟವಲ್ಲ. ಅದಕ್ಕೇ ಪಳಗಿದವರು ತೂಕ ನೋಡ್ತಾರೆ, ತಳದ ಸವೆತ ನೋಡ್ತಾರೆ, ಕಾರ್ಖಾನೆಯ ಹಳೇ ಕ್ಯಾಟಲಾಗಿನ ಜೊತೆ ಅಳತೆ ತಾಳೆ ಹಾಕ್ತಾರೆ. ಇನ್ನು ರೀಹಿಮಾಕಿಯ ಗಾಜಿನಲ್ಲಿ ಎಷ್ಟೋ ತುಂಡುಗಳಿಗೆ ಸಹಿಯೇ ಇಲ್ಲ. ಇದ್ದದ್ದೊಂದು ಕಾಗದದ ಚೀಟಿ, ತೊಳೆದಾಗ ಹೋಯ್ತು. ಆದರೂ ಅವು ನ್ಯಾನಿ ಸ್ಟಿಲ್, ಹೆಲೆನಾ ಟೈನೆಲ್‌ರಂಥ ಹೆಣ್ಣುಮಕ್ಕಳು ರೂಪಿಸಿದ ಒಳ್ಳೊಳ್ಳೆ ಗಾಜು.

ರೀಹಿಮಾಕಿ ಕಾರ್ಖಾನೆ 1990ರಲ್ಲಿ ಮುಚ್ಚಿತು. ಇನ್ನೂರು ವರ್ಷ ದಾಟಿದ್ದ ನೂಟಯಾರ್ವಿ 2014ರಲ್ಲಿ. ನಿಮ್ಮ ಕೈಗೆ ಎಂದಾದರೂ ಅಲ್ಲಿಯದೊಂದು ತುಂಡು ಸಿಕ್ಕರೆ ತಳ ನೋಡಿ, ತಪ್ಪಿಲ್ಲ. ಆಮೇಲೆ ನೆಟ್ಟಗೆ ನಿಲ್ಲಿಸಿ, ಒಳಗಿನ ಆ ಪೊಳ್ಳನ್ನೂ ಒಂದು ಗಳಿಗೆ ನೋಡಿ. ಬರೆಯದೇ ಉಳಿದವರ ಕೆಲಸ ಅಲ್ಲಿದೆ.