ಖಾತೆಯ ಬಾಗಿಲಿಗೆ ಎಷ್ಟು ಬೀಗ?

ನಿಮ್ಮ ಬ್ಯಾಂಕ್ ಖಾತೆಯನ್ನು ನೋಡಲು ಗಣಕದ ಮುಂದೆ ಕುಳಿತಿದ್ದೀರಿ ಎನ್ನೋಣ. ಬಳಕೆದಾರರ ಹೆಸರು, ಪಾಸ್‌ವರ್ಡ್, ಚಿತ್ರದಲ್ಲಿರುವ ಸೊಟ್ಟ ಅಕ್ಷರಗಳು, ಆಮೇಲೆ ಮೊಬೈಲ್‌ಗೆ ಬರುವ ಒಟಿಪಿ - ಇಷ್ಟನ್ನೂ ಒಂದಾದ ಮೇಲೊಂದರಂತೆ ಕೊಡಬೇಕು. ಒಟಿಪಿ ಬರುವುದು ತಡವಾಯಿತೆಂದರೆ 'ಅವಧಿ ಮುಗಿಯಿತು' ಎಂಬ ಸೂಚನೆ. ಮತ್ತೆ ಮೊದಲಿನಿಂದ ಶುರು. 'ನನ್ನ ಹಣ ನೋಡಲು ನನಗೇ ಇಷ್ಟು ಕಷ್ಟವೇ?' ಎಂದು ಗೊಣಗುತ್ತೀರಿ. ಮರುದಿನ ಪತ್ರಿಕೆಯಲ್ಲಿ ಯಾರೋ ನಿವೃತ್ತ ನೌಕರರ ಉಳಿತಾಯವೆಲ್ಲ ವಂಚಕರ ಪಾಲಾದ ಸುದ್ದಿ ಓದಿದಾಗ, ಇನ್ನೂ ಒಂದು ಬೀಗ ಇರಬೇಕಿತ್ತು ಎನಿಸುತ್ತದೆ.

ಭದ್ರತೆ ಮತ್ತು ಅನುಕೂಲ ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಮೇಲೇರಿದರೆ ಇನ್ನೊಂದು ಕೆಳಗಿಳಿಯಲೇಬೇಕು ಎಂಬುದು ಸಾಮಾನ್ಯ ನಂಬಿಕೆ. ಕಳೆದ ಅರವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲ. ಬೀಗಗಳು ಎಷ್ಟಿವೆ ಎಂಬುದಕ್ಕಿಂತ ಅವುಗಳ ಭಾರವನ್ನು ಯಾರ ಮೇಲೆ ಹೊರಿಸಲಾಗಿದೆ ಎಂಬುದೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಇಲ್ಲಿ ನೋಡೋಣ.

ನಾಲ್ಕು ಅಂಕಿಯ ಪಿನ್

1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಹೊರಗೋಡೆಯಲ್ಲಿ ಹಣ ಕೊಡುವ ಯಂತ್ರವೊಂದು ಕೆಲಸ ಆರಂಭಿಸಿತು. ಇದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಷಿಲ್ಲಾಂಗ್‌ನಲ್ಲಿ. ಅದಕ್ಕೆ ಪ್ಲಾಸ್ಟಿಕ್ ಕಾರ್ಡು ಬಳಸುತ್ತಿರಲಿಲ್ಲ. ಕಾರ್ಬನ್-14 ಲೇಪಿಸಿದ ವಿಶೇಷ ಚೆಕ್ಕನ್ನು ಯಂತ್ರ ಗುರುತಿಸುತ್ತಿತ್ತು. ಚೆಕ್ಕು ತಂದವರು ಅದರ ಒಡೆಯರೇ ಎಂದು ತಿಳಿಯಲು ಒಂದು ಗುಪ್ತಸಂಖ್ಯೆ ಬೇಕಿತ್ತು. ಶೆಫರ್ಡ್-ಬ್ಯಾರನ್ ಆರು ಅಂಕಿಗಳ ಸಂಖ್ಯೆ ಇಡಬೇಕೆಂದಿದ್ದರು. ಅಡಿಗೆಮನೆಯ ಮೇಜಿನ ಬಳಿ ಪತ್ನಿಯನ್ನು ಕೇಳಿದಾಗ, ತನ್ನ ನೆನಪಿನಲ್ಲಿ ಉಳಿಯುವುದು ನಾಲ್ಕೇ ಅಂಕಿ ಎಂದರಂತೆ. ನಾಲ್ಕು ಅಂಕಿಯ ಪಿನ್ ಹೀಗೆ ಬಂತೆಂದು ಅವರೇ 2007ರಲ್ಲಿ ಬಿಬಿಸಿಗೆ ಹೇಳಿದ್ದರು. ಸ್ಕಾಟ್‌ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೊ 1966ರಲ್ಲೇ ಕಾರ್ಡು ಮತ್ತು ಗುಪ್ತಸಂಖ್ಯೆಯ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ನಾಲ್ಕು ಅಂಕಿಗಳಿಂದ 0000ದಿಂದ 9999ರವರೆಗೆ ಹತ್ತು ಸಾವಿರ ಸಂಖ್ಯೆಗಳು ಮಾತ್ರ ಸಾಧ್ಯ. ಗಣಕಕ್ಕೆ ಇವೆಲ್ಲವನ್ನೂ ಪ್ರಯತ್ನಿಸಲು ಒಂದು ಕ್ಷಣವೂ ಬೇಡ. ಆದರೂ ಇಂದಿನ ಎಟಿಎಂಗಳಲ್ಲಿ ಇದೇ ಪಿನ್ ಸಾಕಾಗುತ್ತಿದೆ, ಏಕೆ? ಮೂರು ಸಲ ತಪ್ಪಿದರೆ ಯಂತ್ರ ಕಾರ್ಡನ್ನು ತಡೆಯುತ್ತದೆ. ಆದ್ದರಿಂದ, ಸಂಖ್ಯೆಯನ್ನು ಯದ್ವಾತದ್ವಾ ಆರಿಸಿದ್ದರೆ, ಕಾರ್ಡು ಕದ್ದವನು ಊಹಿಸಿ ಗೆಲ್ಲುವ ಸಂಭವ ಹತ್ತು ಸಾವಿರದಲ್ಲಿ ಮೂರು. ಜೊತೆಗೆ ಮೊದಲು ಕಾರ್ಡು ಅವನ ಕೈಗೆ ಸಿಗಬೇಕು. ಗ್ರಾಹಕರು ನೆನಪಿಡಬೇಕಾದದ್ದು ನಾಲ್ಕೇ ಅಂಕಿ. ಉಳಿದ ಕಾವಲನ್ನು ಯಂತ್ರ ವಹಿಸಿಕೊಂಡಿದೆ.

ಪಾಸ್‌ವರ್ಡ್ ಹಿಡಿದ ದಾರಿ

ಪಾಸ್‌ವರ್ಡ್ ಹುಟ್ಟಿದ್ದು ಬ್ಯಾಂಕಿನಲ್ಲಲ್ಲ, ವಿಶ್ವವಿದ್ಯಾಲಯದಲ್ಲಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲಿ ಎಂದು ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದ ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ಸಿಗುತ್ತಿದ್ದ ಗಣಕದ ಸಮಯ ಸಾಲದೆ, ಪಾಸ್‌ವರ್ಡ್‌ಗಳ ಇಡೀ ಪಟ್ಟಿಯನ್ನೇ ಮುದ್ರಿಸಿಕೊಂಡ! 1966ರಲ್ಲಿ ಸಿಬ್ಬಂದಿಯ ಅಚಾತುರ್ಯದಿಂದ ಅದೇ ಪಟ್ಟಿ ಲಾಗಿನ್ ಆದವರೆಲ್ಲರ ಮುಂದೆ ತೆರೆದುಕೊಂಡ ಪ್ರಸಂಗವೂ ನಡೆಯಿತು.

ಪಾಸ್‌ವರ್ಡನ್ನು ಇದ್ದ ಹಾಗೇ ಇಡದೆ, ಹಿಂದಿರುಗಿಸಲಾಗದ ಗಣಿತಕ್ರಿಯೆಯೊಂದಕ್ಕೆ ಒಳಪಡಿಸಿ ಇಡುವುದು ಇದಕ್ಕೆ ಪರಿಹಾರವಾಯಿತು. ಕೇಂಬ್ರಿಜ್‌ನ ರೋಜರ್ ನೀಡಂ 1960ರ ದಶಕದಲ್ಲಿ ಸೂಚಿಸಿದ ಉಪಾಯವಿದು. ಗಣಕದ ಕಡೆಯ ದೋಷ ಬಹುಮಟ್ಟಿಗೆ ಸರಿಹೋಯಿತು. ಮನುಷ್ಯರ ಕಡೆಯದು ಉಳಿಯಿತು. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬಳಕೆದಾರರ 3,289 ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿದ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಶೇಕಡ 86ರಷ್ಟು ತೀರಾ ಚಿಕ್ಕವು ಅಥವಾ ನಿಘಂಟಿನಲ್ಲೇ ಸಿಗುವಂಥವು. ಹದಿನೈದು ಪಾಸ್‌ವರ್ಡ್‌ಗಳಲ್ಲಂತೂ ಇದ್ದದ್ದು ಒಂದೇ ಅಕ್ಷರ.

'ಬಳಕೆದಾರರಿಗೆ ಶಿಸ್ತು ಕಲಿಸಬೇಕು' ಎಂಬುದು ಇದಕ್ಕೆ ಹಲವರು ಕಂಡುಕೊಂಡ ಮದ್ದು. 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಬಿಲ್ ಬರ್ ಬರೆದ ಮಾರ್ಗದರ್ಶಿ ಜಗತ್ತಿನಾದ್ಯಂತ ಸಂಸ್ಥೆಗಳ ನಿಯಮವಾಯಿತು: ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಲಿ, ಆಗಾಗ ಬದಲಿಸಿ. ನೀವೇನು ಮಾಡಿದಿರಿ, ನೆನಪಿಸಿಕೊಳ್ಳಿ. ಹಳೆಯ ಪಾಸ್‌ವರ್ಡಿನ ಕೊನೆಯ 1ನ್ನು 2 ಮಾಡಿದಿರಿ, ಇಲ್ಲವೆ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟಿರಿ. ಇದು ಸೋಮಾರಿತನವಲ್ಲ. ಲಂಡನ್ನಿನ ಆನ್ ಆಡಮ್ಸ್ ಮತ್ತು ಏಂಜೆಲಾ ಸಾಸ್ 1999ರಲ್ಲೇ ಇದನ್ನು ತೋರಿಸಿದ್ದರು. ನೆನಪಿನ ಮಿತಿಯನ್ನು ಮೀರಿದ ನಿಯಮ ಹೇರಿದರೆ ಜನ ತಮ್ಮದೇ ಅಡ್ಡದಾರಿ ಕಂಡುಕೊಳ್ಳುತ್ತಾರೆ, ಭದ್ರತೆ ಇನ್ನಷ್ಟು ಕುಗ್ಗುತ್ತದೆ ಎಂಬುದು ಅವರ ನಿರ್ಣಯ. 2017ರಲ್ಲಿ ನಿಸ್ಟ್ ತನ್ನ ಮಾರ್ಗದರ್ಶಿಯನ್ನು ತಿದ್ದಿತು. ಕಾರಣವಿಲ್ಲದೆ ಆಗಾಗ ಬದಲಿಸುವುದು ಬೇಡ, ಚಿಹ್ನೆಗಳ ಕಡ್ಡಾಯ ಬೇಡ, ಪಾಸ್‌ವರ್ಡ್ ಉದ್ದವಾಗಿದ್ದರೆ ಒಳ್ಳೆಯದು ಎಂದಿತು. ಹಿಂದೆ ಬರೆದದ್ದಕ್ಕೆ ಬರ್ ಅವರೇ ವಿಷಾದ ವ್ಯಕ್ತಪಡಿಸಿದರು.

ಒಂದು ಸಲ ಬಳಸಿ ಬಿಸಾಡುವ ಸಂಖ್ಯೆ

ಇಂದಿನ ಒಟಿಪಿಯ ಪೂರ್ವಜರನ್ನು ಹುಡುಕಲು ಜರ್ಮನಿಗೆ ಹೋಗಬೇಕು. ಅಲ್ಲಿ 1983ರಲ್ಲಿ ದೂರವಾಣಿ ತಂತಿಯ ಮೂಲಕ ಟಿವಿ ಪರದೆಯ ಮೇಲೆ ಬ್ಯಾಂಕ್ ವ್ಯವಹಾರ ನಡೆಸುವ ಬಿಟಿಎಕ್ಸ್ ಎಂಬ ಸೇವೆ ದೇಶವ್ಯಾಪಿಯಾಯಿತು. ಗ್ರಾಹಕರಿಗೆ ಪಿನ್ ಅಲ್ಲದೆ ಒಂದು ಕಾಗದದಲ್ಲಿ ಸಂಖ್ಯೆಗಳ ಪಟ್ಟಿ ಬರುತ್ತಿತ್ತು. ಇದರ ಹೆಸರು ಟ್ಯಾನ್. ಹಣ ಕಳಿಸುವಾಗಲೆಲ್ಲ ಒಂದು ಸಂಖ್ಯೆ ಕೊಟ್ಟು, ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಬೇಕು. ಕದ್ದು ಕೇಳಿದವನಿಗೆ ಸಿಕ್ಕುವುದು ಬಳಸಿ ಮುಗಿದ ಸಂಖ್ಯೆ ಮಾತ್ರ.

ಇಂಟರ್ನೆಟ್ ಬಂದ ಮೇಲೆ ವಂಚಕರು ಬೀಗ ಮುರಿಯುವ ಗೋಜಿಗೆ ಹೋಗಲಿಲ್ಲ. ಬ್ಯಾಂಕಿನದರಂತೆಯೇ ಕಾಣುವ ನಕಲಿ ಜಾಲತಾಣ ಕಟ್ಟಿ, 'ನಿಮ್ಮ ಮುಂದಿನ ಟ್ಯಾನ್ ನಮೂದಿಸಿ' ಎಂದು ಕೇಳಿದರು. ಜನ ಕೊಟ್ಟರು. ಆಗ ಬ್ಯಾಂಕುಗಳು ಪಟ್ಟಿಗೆ ಕ್ರಮಸಂಖ್ಯೆ ಹಾಕಿ, 'ನಲವತ್ತೇಳನೆಯದನ್ನು ಕೊಡಿ' ಎನ್ನತೊಡಗಿದವು. ನಕಲಿ ತಾಣ ಗ್ರಾಹಕ ಮತ್ತು ಬ್ಯಾಂಕಿನ ನಡುವೆ ನಿಂತು ಅದೇ ಪ್ರಶ್ನೆಯನ್ನು ಗ್ರಾಹಕನಿಗೆ ದಾಟಿಸಿತು. ಮುಂದೆ ಸಂಖ್ಯೆಯನ್ನು ಎಸ್‌ಎಂಎಸ್‌ನಲ್ಲಿ, ಯಾರಿಗೆ ಎಷ್ಟು ಹಣ ಹೋಗುತ್ತಿದೆ ಎಂಬ ವಿವರದೊಂದಿಗೆ ಕಳಿಸಿದರು. ಇದು ನಿಜಕ್ಕೂ ಒಳ್ಳೆಯ ಸುಧಾರಣೆ. ಆದರೆ 2017ರಲ್ಲಿ ದೂರವಾಣಿ ಜಾಲಗಳು ಪರಸ್ಪರ ಮಾತಾಡಲು ಬಳಸುವ ಎಸ್‌ಎಸ್7 ಎಂಬ ಹಳೆಯ ವ್ಯವಸ್ಥೆಯ ದೌರ್ಬಲ್ಯದಿಂದ ಆ ಸಂದೇಶಗಳನ್ನೇ ಬೇರೆಡೆಗೆ ತಿರುಗಿಸಿ ಹಣ ದೋಚಿದ್ದು ಬೆಳಕಿಗೆ ಬಂತು. 2019ರ ಸೆಪ್ಟೆಂಬರ್ 14ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮಗಳೊಂದಿಗೆ ಕಾಗದದ ಪಟ್ಟಿಗಳ ಕಾಲ ಮುಗಿಯಿತು.

ನಕಲಿ ತಾಣವನ್ನು ಗ್ರಾಹಕರೇ ಗುರುತಿಸಲಿ ಎಂಬ ಪ್ರಯತ್ನವೂ ನಡೆಯಿತು. 2005ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಪ್ರತಿ ಗ್ರಾಹಕರಿಗೂ ಅವರೇ ಆರಿಸಿದ ಚಿತ್ರವನ್ನು ತೋರಿಸುವ ಕ್ರಮ ತಂದಿತು. ಚಿತ್ರ ಕಾಣದಿದ್ದರೆ ಪಾಸ್‌ವರ್ಡ್ ಕೊಡಬಾರದು. 2007ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ಸಂಶೋಧಕರು ಇಂಥ ಚಿತ್ರವನ್ನು ಬೇಕೆಂದೇ ಮರೆಮಾಡಿ ನೋಡಿದರು. ತಮ್ಮ ಸ್ವಂತ ಖಾತೆ ಬಳಸಿದ 25 ಜನರಲ್ಲಿ 23 ಮಂದಿ ಪಾಸ್‌ವರ್ಡ್ ಕೊಟ್ಟೇಬಿಟ್ಟರು. ಇಲ್ಲದ ವಸ್ತುವನ್ನು ಗಮನಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ದೇಶದಲ್ಲಿ

ಭಾರತೀಯ ರಿಸರ್ವ್ ಬ್ಯಾಂಕ್ ಇಂಟರ್ನೆಟ್ ಬ್ಯಾಂಕಿಂಗ್‌ಗೆ ಮಾರ್ಗಸೂಚಿ ಹೊರಡಿಸಿದ್ದು 2001ರಲ್ಲಿ. 2009ರ ಆಗಸ್ಟ್ 1ರಿಂದ, ಕಾರ್ಡಿನ ಮೇಲೆ ಮುದ್ರಿತವಾಗಿರದ ಇನ್ನೊಂದು ಗುಟ್ಟನ್ನು ಕೊಡದೆ ಆನ್‌ಲೈನ್ ಪಾವತಿ ಆಗಕೂಡದೆಂದು ಅದು ಕಡ್ಡಾಯ ಮಾಡಿತು. ಅನೇಕ ಮುಂದುವರಿದ ದೇಶಗಳಲ್ಲಿ ಆಗ ಇಂಥ ನಿಯಮ ಇರಲಿಲ್ಲ. ವ್ಯಾಪಾರಿಗಳು 'ಗಿರಾಕಿ ಅರ್ಧದಲ್ಲೇ ಬಿಟ್ಟುಹೋಗುತ್ತಾನೆ' ಎಂದು ದೂರಿದ್ದೂ ಉಂಟು. ಮುಂದೆ ಮೊತ್ತಕ್ಕೆ ತಕ್ಕ ಬೀಗ ಎಂಬ ತತ್ತ್ವ ಬಂತು. ಅಂಗಡಿಯಲ್ಲಿ ಕಾರ್ಡನ್ನು ಯಂತ್ರಕ್ಕೆ ತಾಕಿಸಿ ಪಿನ್ ಇಲ್ಲದೆ ಹಣ ಕೊಡಲು 2015ರಲ್ಲಿ 2,000 ರೂಪಾಯಿಯವರೆಗೆ, 2021ರ ಜನವರಿಯಿಂದ 5,000 ರೂಪಾಯಿಯವರೆಗೆ ಅವಕಾಶವಾಯಿತು.

2016ರಲ್ಲಿ ಬಂದ ಯುಪಿಐ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನೋಂದಾಯಿಸುವಾಗ ನಿಮ್ಮ ಫೋನಿನಿಂದಲೇ ಒಂದು ಸಂದೇಶ ಹೊರಹೋಗಿ, ಆ ಫೋನು, ಸಿಮ್ ಮತ್ತು ಖಾತೆಗಳನ್ನು ಜೋಡಿಸುತ್ತದೆ. ಆಮೇಲೆ ಫೋನೇ ಮೊದಲ ಬೀಗದ ಕೈ, ಪಿನ್ ಎರಡನೆಯದು. ಬೀಗ ಎರಡಾದರೂ ನೀವು ಮಾಡಬೇಕಾದ ಕೆಲಸ ಒಂದೇ. ತರಕಾರಿ ಮಾರುವವರೂ ಸಲೀಸಾಗಿ ಬಳಸುವಂತಾದದ್ದರ ಹಿಂದೆ ಇದೂ ಒಂದು ಕಾರಣ. ಆದರೆ ಸುಲಭವಾದದ್ದು ಕೆಲವೊಮ್ಮೆ ತೀರಾ ಸುಲಭವಾಗುತ್ತದೆ. 'ಹಣ ಬರಬೇಕಾದರೆ ಪಿನ್ ಒತ್ತಿ' ಎಂದು ನಂಬಿಸಿ, ಹಣ ಕೇಳುವ ಕೋರಿಕೆ ಕಳಿಸಿ ದೋಚುವುದು ಹೆಚ್ಚಿತು. ಎಚ್ಚರಿಕೆಯ ಜಾಹೀರಾತುಗಳು ಸಾಲದೆ, ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಲಾಯಿತು.

ತಪ್ಪು ಯಾರದು?

ಇಲ್ಲಿ ತಂತ್ರಜ್ಞಾನಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. 1992ರಲ್ಲಿ ಇಂಗ್ಲೆಂಡಿನ ಪೊಲೀಸ್ ಪೇದೆಯೊಬ್ಬ ತಾನು ತೆಗೆಯದ ಹಣ ಎಟಿಎಂ ಮೂಲಕ ಹೋಗಿದೆ ಎಂದು ದೂರು ಕೊಟ್ಟ. ತನ್ನ ಗಣಕ ತಪ್ಪು ಮಾಡದು ಎಂದಿತು ಹಣಕಾಸು ಸಂಸ್ಥೆ. ವಂಚನೆಗೆ ಯತ್ನಿಸಿದನೆಂದು 1994ರಲ್ಲಿ ಆ ಪೇದೆಯನ್ನೇ ಅಪರಾಧಿಯೆಂದು ತೀರ್ಮಾನಿಸಲಾಯಿತು. ಮೇಲ್ಮನವಿಯ ಹಂತದಲ್ಲಿ ಸಂಸ್ಥೆ ತನ್ನ ಗಣಕವ್ಯವಸ್ಥೆಯನ್ನು ಅವನ ಪರ ತಜ್ಞರಿಗೆ ತೋರಿಸಲು ಒಪ್ಪಲಿಲ್ಲ. 1996ರಲ್ಲಿ ಅವನು ನಿರ್ದೋಷಿ ಎಂದಾಯಿತು. ಅಮೆರಿಕದಲ್ಲಾದರೋ 1978ರ ಕಾನೂನು, ಗ್ರಾಹಕರೇ ಹಣ ತೆಗೆದರೆಂದು ಸಾಧಿಸುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸಿತ್ತು. ನಷ್ಟ ತನ್ನದೇ ಎಂದಾಗ ಬ್ಯಾಂಕು ದೋಷವನ್ನು ಹುಡುಕಿ ಸರಿಪಡಿಸುತ್ತದೆ. ಗ್ರಾಹಕನದು ಎಂದಾಗ ಅಷ್ಟು ಅವಸರ ಇರುವುದಿಲ್ಲ.

ನಮ್ಮಲ್ಲಿ 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದೇ ದಿಕ್ಕಿನದು. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂದಿತು. ಆದರೆ ಗುಟ್ಟನ್ನು ತಾವೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ದೂರು ಕೊಡುವ ತನಕದ ನಷ್ಟ ಅವರದೇ ಎಂದೂ ಅದರಲ್ಲಿತ್ತು. ಬ್ಯಾಂಕಿನ ಅಧಿಕಾರಿ ಎಂದುಕೊಂಡು ವಂಚಕನಿಗೆ ಒಟಿಪಿ ಹೇಳಿದ ವೃದ್ಧರು ಈ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ.

ಹೇಳಲಾಗದ ಗುಟ್ಟು

ಗ್ರಾಹಕರಿಗೇ ಗೊತ್ತಿಲ್ಲದ ಗುಟ್ಟನ್ನು ಅವರು ಯಾರಿಗೂ ಹೇಳಲಾರರು. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಪ್ರಕಟಿಸಿದ ಜೋಡಿ ಬೀಗದ ಕೈಗಳ ಗಣಿತವನ್ನು ಆಧರಿಸಿ, 2019ರಲ್ಲಿ ಲಾಗಿನ್‌ಗೆ ವೆಬ್‌ಆಥನ್ ಎಂಬ ಮಾನಕ ಬಂತು. 2022ರಿಂದ ಇದು ಪಾಸ್‌ಕೀ ಎಂಬ ಹೆಸರಿನಲ್ಲಿ ಪ್ರಚಾರ ಪಡೆಯಿತು. ಗುಪ್ತ ಕೀಲಿ ಜಾಲತಾಣಕ್ಕೆ ಎಂದೂ ಹೋಗುವುದಿಲ್ಲ. ಬೆರಳೊತ್ತಿ ಒಪ್ಪಿಗೆ ಕೊಟ್ಟರೆ ಫೋನೇ ಉತ್ತರಿಸುತ್ತದೆ. ಆ ಕೀಲಿ ಜಾಲತಾಣದ ವಿಳಾಸಕ್ಕೆ ಅಂಟಿಕೊಂಡಿರುವುದರಿಂದ ನಕಲಿ ತಾಣಕ್ಕೆ ಅದು ಓಗೊಡದು. ಚಿತ್ರ ಕಾಣುತ್ತಿಲ್ಲವೆಂದು ಗಮನಿಸುವ ಕೆಲಸ ಈಗ ಯಂತ್ರದ್ದು. ತೊಡಕೂ ಇದೆ. ಫೋನು ಕಳೆದಾಗ ಖಾತೆಯನ್ನು ಮರಳಿ ಪಡೆಯುವ ಹಿಂಬಾಗಿಲು ದುರ್ಬಲವಾಗಿದ್ದರೆ ಮುಂಬಾಗಿಲು ಎಷ್ಟು ಗಟ್ಟಿಯಾಗಿದ್ದರೇನು? ನಮ್ಮ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ನಿರ್ದೇಶನವೂ ಎರಡು ಬೀಗಗಳನ್ನು ಕಡ್ಡಾಯವಾಗಿ ಉಳಿಸಿಕೊಂಡು, ಎಸ್‌ಎಂಎಸ್‌ನ ಆಚೆಗಿನ ದಾರಿಗಳಿಗೂ ಎಡೆಮಾಡಿಕೊಟ್ಟಿದೆ.

ಮುಂದಿನ ಸಲ ನಿಮ್ಮ ಬ್ಯಾಂಕು ಹೊಸ ಕ್ರಮವೊಂದನ್ನು ತಂದಾಗ, ಅದು ಎಷ್ಟು ಕಷ್ಟ ಎಂಬುದನ್ನಷ್ಟೇ ನೋಡಬೇಡಿ. ಇದರಲ್ಲಿ ನಾನು ನೆನಪಿಡಬೇಕಾದದ್ದೇನು, ಗಮನಿಸಬೇಕಾದದ್ದೇನು, ನಾನು ಎಡವಿದರೆ ಹಣ ಯಾರದು ಹೋಗುತ್ತದೆ ಎಂದು ಕೇಳಿ. ಅಲ್ಲಿಯವರೆಗೆ ಒಟಿಪಿ ಕೇಳಿ ಕರೆ ಬಂದರೆ, ಕರೆದವರು ಯಾರೇ ಆಗಿರಲಿ, ಫೋನು ಕೆಳಗಿಡಿ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ, ಅವರ ಖಾತೆಗೆ ವರ್ಗಾವಣೆಯ ಮಿತಿಯೊಂದನ್ನು ಹಾಕಿಸಿಕೊಡಿ.